ಬಂಡೆ ಹತ್ತುವ ಮುಂಚೆ ಒಂದು ಮಾತು

ಹೊಟ್ಟೆಪಾಡಿಗೆ ಹತ್ತುವವನೂ ಖುಷಿಗೆ ಹತ್ತುವವನೂ ಒಂದೇ ಬಂಡೆಯ ಮೇಲಿದ್ದಾಗ ಇಬ್ಬರ ಅಂಗೈಯೂ ಒಂದೇ ಥರ ಬೆವರುತ್ತದೆ. ಕಾಲು ಜಾರಿದರೆ ಇಬ್ಬರೂ ಒಂದೇ ವೇಗದಲ್ಲಿ ಬೀಳುತ್ತಾರೆ. ಭೂಮಿ ಯಾರನ್ನೂ ಜಾತಿ ಕೇಳಿ ಎಳೆದುಕೊಳ್ಳುವುದಿಲ್ಲ. ಆದರೂ ಒಬ್ಬನನ್ನು ಸಾಹಸಿ ಅನ್ನುತ್ತೇವೆ, ಇನ್ನೊಬ್ಬನನ್ನು ಕೂಲಿ ಅನ್ನುತ್ತೇವೆ. ಒಬ್ಬ ಬಿದ್ದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಇನ್ನೊಬ್ಬ ಬಿದ್ದರೆ ಮೇಸ್ತ್ರಿ ಮಾರನೇ ಬೆಳಿಗ್ಗೆ ಬೇರೆ ಆಳು ಹುಡುಕುತ್ತಾನೆ. ಈ ವ್ಯತ್ಯಾಸ ಎಲ್ಲಿದೆ? ಬಂಡೆಯಲ್ಲಿ ಇಲ್ಲ. ಹತ್ತುವ ಕೈಕಾಲಿನಲ್ಲೂ ಇಲ್ಲ. ಎಲ್ಲಿದೆ ಅನ್ನುವುದನ್ನು ಹುಡುಕಿಕೊಳ್ಳದೆ ಬೆಟ್ಟದ ಕಡೆ ಹೊರಡುವುದು ನಮ್ಮಂಥವರಿಗೆ ಸುಲಭವಲ್ಲ.

ಈ ಪ್ರಶ್ನೆ ಪುಸ್ತಕದಿಂದ ಎದ್ದು ಬಂದದ್ದಲ್ಲ. ನಾವು ನಾಲ್ಕು ಜನ ಗೆಳೆಯರು ಎರಡು ಬೈಕಿನಲ್ಲಿ ಆರು ದಿನ ತಿರುಗಿ, ದಾರಿಯುದ್ದಕ್ಕೂ ಅಲ್ಲಲ್ಲಿ ಇಳಿದು ಬಂಡೆ ಹತ್ತಬೇಕೆಂದು ಲೆಕ್ಕ ಹಾಕುತ್ತಿದ್ದೇವೆ. ಶಿವಮೊಗ್ಗದಿಂದ ಹೊರಟು, ಭದ್ರಾವತಿಯಲ್ಲಿ ಒಬ್ಬನನ್ನು ಕೂರಿಸಿಕೊಂಡು, ಚನ್ನಗಿರಿ, ಹೊಳಲ್ಕೆರೆ ಮೇಲೆ ಚಿತ್ರದುರ್ಗ. ಅಲ್ಲಿಂದ ಹೊಸಪೇಟೆ, ಹಂಪಿ. ಹೊಳೆ ದಾಟಿದರೆ ಆನೆಗೊಂದಿ. ಆಮೇಲೆ ಬಾದಾಮಿ. ವಾಪಸು ಬರುವಾಗ ಹುಬ್ಬಳ್ಳಿ, ಶಿರಸಿ, ಸಿದ್ದಾಪುರದ ಮೇಲೆ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿಗೆ ಬಂದು ಚಂದ್ರಗುತ್ತಿ. ದುರ್ಗದಲ್ಲೂ ಹಂಪಿಯಲ್ಲೂ ಗ್ರಾನೈಟಿನ ಗುಂಡುಗಳು, ಬೆರಳಿನ ಚರ್ಮ ತರಿಯುವ ಕಲ್ಲು. ಬಾದಾಮಿಯದು ಕೆಂಪು ಮರಳುಗಲ್ಲು, ಪದರ ಪದರವಾಗಿ ಗೋಡೆಯ ಹಾಗೆ ನಿಂತದ್ದು. ಬೇಸಿಗೆಯಲ್ಲಿ ಆ ಕಲ್ಲುಗಳನ್ನು ಮುಟ್ಟುವ ಹಾಗಿಲ್ಲ, ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ಅದಕ್ಕೇ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಎಲ್ಲಿ ತಂಗುವುದು, ಎಲ್ಲಿ ಉಣ್ಣುವುದು, ಯಾವ ಬಂಡೆಗೆ ಎಷ್ಟು ಹೊತ್ತು, ಎಲ್ಲಾ ಒಂದು ನೋಟ್ ಬುಕ್ಕಿನಲ್ಲಿ ಬರೆದಿದ್ದಾಯಿತು.

ಆಗ ಭದ್ರಾವತಿಯ ಗೆಳೆಯ ಒಂದು ಮಾತು ಹೇಳಿದ. ಅವನು ಭೋವಿಗಳ ಹುಡುಗ. ತಲೆತಲಾಂತರದಿಂದ ಕಲ್ಲು ಒಡೆದವರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು. "ನಮ್ಮ ಮಾವ ದಿನಾ ಬಂಡೆ ಹತ್ತಿ ಕುಳಿ ಹೊಡೀತಾನೆ. ಸಂಜೆ ಮನೆಗೆ ಬಂದ್ರೆ ಅವನ ಕೆಮ್ಮು ನಿಲ್ಲೋದಿಲ್ಲ. ನಾನು ಪೆಟ್ರೋಲ್ ಹಾಕಿಸ್ಕೊಂಡು ಇನ್ನೂರು ಮುನ್ನೂರು ಕಿಲೋಮೀಟರ್ ಹೋಗಿ ಸುಮ್‌ಸುಮ್ನೆ ಬಂಡೆ ಹತ್ತಿ ಬಂದೆ ಅಂದ್ರೆ, ಮಾವಂಗೆ ಏನಂತ ಹೇಳ್ಲಿ ಕಣ್ರೋ?"

ಯಾರೂ ಮಾತಾಡಲಿಲ್ಲ. ಆ ಮೌನವನ್ನು ಬಿಡಿಸಿ ಹೇಳುವ ಪ್ರಯತ್ನವೇ ಈ ಬರಹ.

ಮೊದಲು ನಮ್ಮ ಊರಿನಲ್ಲೇ ಹತ್ತುವವರು ಯಾರು ಅಂತ ನೋಡೋಣ. ಮಲೆನಾಡಿನ ಅಡಿಕೆ ಎಂದರೆ ಮಂಡಿಯ ರೇಟು, ಸೊಸೈಟಿಯ ಸಾಲ, ತೋಟದ ಯಜಮಾನರ ಕಷ್ಟ, ಇಷ್ಟೇ ನೆನಪಾಗುತ್ತದೆ. ಆ ಅಡಿಕೆ ತಾನಾಗಿ ಕೆಳಗಿಳಿಯುವುದಿಲ್ಲ. 40, 50 ಅಡಿ ಎತ್ತರದ, ತೋಳಿನಷ್ಟೂ ದಪ್ಪವಿಲ್ಲದ ತುದಿಗೆ ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಏರಬೇಕು. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಅಂದರೆ ಮರ ಪಾಚಿಗಟ್ಟಿ ಅತಿ ಹೆಚ್ಚು ಜಾರುವ ದಿನಗಳಲ್ಲೇ ಅವನು ಮೇಲಿರಬೇಕು. ಒಂದು ಮರ ಮುಗಿದರೆ ಇಳಿದು ಇನ್ನೊಂದು ಹತ್ತುತ್ತಾ ಕೂತರೆ ಹೊತ್ತು ಸಾಲದು; ಹಾಗಾಗಿ ತುದಿಯಲ್ಲೇ ಮರವನ್ನು ತೂಗಿ ಪಕ್ಕದ ಮರ ಹಿಡಿದು ದಾಟಿಕೊಳ್ಳುತ್ತಾನೆ. ಪಟ್ಟಣದಲ್ಲಿ ಯಾರಾದರೂ ಇದನ್ನು ಮಾಡಿ ತೋರಿಸಿದರೆ ಟಿಕೆಟ್ ಕೊಟ್ಟು ನೋಡುತ್ತಾರೆ. ಈಚಿನ ವರ್ಷಗಳಲ್ಲಿ ಕೆಳಗೇ ನಿಂತು ಕೊನೆ ಕೀಳುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಅಷ್ಟು ಕಾಲ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಹೆಸರು ಯಾವ ಸಾಹಸಿಗಳ ಪಟ್ಟಿಯಲ್ಲಿದೆ?

ಇನ್ನು ಕಲ್ಲು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ, ಕಲ್ಲುಗಣಿಗೆಂದು ತಂದಿದ್ದ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಶಿವಮೊಗ್ಗವಷ್ಟೇ ಅಲ್ಲ, ಅಕ್ಕಪಕ್ಕದ ಜಿಲ್ಲೆಗಳಲ್ಲೂ ಕಿಟಕಿ ಬಾಗಿಲು ಅದುರಿ ಜನ ಭೂಕಂಪವೆಂದು ಬೀದಿಗೆ ಓಡಿಬಂದರು. ಕನಿಷ್ಠ ಐದು ಜನ ಕೂಲಿಯವರು ಗುರುತೂ ಸಿಗದ ಹಾಗೆ ಛಿದ್ರವಾದರು. ಒಂದು ಇಡೀ ನಗರ ನಡುಗಿದ ಮೇಲೆಯೇ ನಮಗೆ ಗೊತ್ತಾದದ್ದು, ನಮ್ಮ ರಸ್ತೆಯ ಜಲ್ಲಿ ಎಲ್ಲಿಂದ ಬರುತ್ತದೆ, ಯಾರು ಅದಕ್ಕೆ ಮೈ ಒಡ್ಡುತ್ತಾರೆ ಅಂತ. ನಾವು ಬೈಕಿನಲ್ಲಿ ಹೋಗುವ ದಾರಿಯೂ ಅದೇ ಜಲ್ಲಿಯದು. ಬಂಡೆ ಹತ್ತಲು ಬಂಡೆ ಒಡೆದವರ ಮೇಲೆಯೇ ಸಾಗಿಹೋಗಬೇಕು.

ಗೆಳೆಯನ ಪ್ರಶ್ನೆಗೆ ಸುಲಭವಾದ ಉತ್ತರ ಎರಡಿವೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯದು ನಮ್ಮ ಚಳವಳಿಯ ಕೆಲವು ಹಿರಿಯ ಅಣ್ಣಂದಿರು ಹೇಳುವಂಥದ್ದು. "ಇದೆಲ್ಲಾ ಹೊಟ್ಟೆ ತುಂಬಿದವರ ಶೋಕಿ. ಜನ ಸಾಯ್ತಾ ಇರೋವಾಗ ನಿಮಗೆ ಬೆಟ್ಟ ಬೇಕಾ? ಕೆಲಸ ನೋಡ್ರಪ್ಪಾ." ಈ ಮಾತಿನಲ್ಲಿ ಸಿಟ್ಟಿದೆ, ಪ್ರಾಮಾಣಿಕತೆಯೂ ಇದೆ. ಆದರೆ ಇದರ ಒಳಗೆ ಒಂದು ಹಳೆಯ ವಿಷ ಅಡಗಿ ಕೂತಿದೆ. ನಮ್ಮ ಮೈ ಇರುವುದು ದುಡಿಯಲಿಕ್ಕೆ ಮಾತ್ರ, ದುಡಿಮೆ ಬಿಟ್ಟರೆ ಹೋರಾಟಕ್ಕೆ ಮಾತ್ರ ಎಂದು ಅದು ಹೇಳುತ್ತದೆ. ಯಜಮಾನರೂ ನಮ್ಮ ಅಜ್ಜಂದಿರಿಗೆ ಇದನ್ನೇ ತಾನೆ ಹೇಳಿದ್ದು? ಮೈಯನ್ನು ಸುಮ್ಮನೆ, ಲಾಭವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಬಳಸುವ ಹಕ್ಕು ನಮಗಿಲ್ಲ ಎಂದು ಮನು ಹೇಳಿದರೂ ಒಂದೇ, ಕ್ರಾಂತಿಯ ಹೆಸರಿನಲ್ಲಿ ನಾವೇ ಹೇಳಿಕೊಂಡರೂ ಒಂದೇ.

ಎರಡನೆಯದು ಹೊಸದಾಗಿ ಸಂಬಳ ಕಂಡ ನಮ್ಮ ಹುಡುಗರ ಮಾತು. "ಅವ್ರು ಹತ್ತುತಾರೆ, ನಾವೂ ಹತ್ತಣ. ಶೂ ಹಾಕಣ, ಫೋಟೋ ಹಾಕಣ. ಅದೇ ಸಮಾನತೆ." ಇದೂ ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ. ನಾನೊಬ್ಬ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡರೆ ಮಾವನ ಕೆಮ್ಮು ನಿಲ್ಲುವುದಿಲ್ಲ. ಕೂಲಿಗೆ ಹತ್ತುವವರ ಸಾಲಿನಿಂದ ಒಬ್ಬ ತಪ್ಪಿಸಿಕೊಂಡು ಮೋಜಿಗೆ ಹತ್ತುವವರ ಸಾಲು ಸೇರಿದ, ಅಷ್ಟೇ. ಸಾಲುಗಳು ಎರಡೂ ಹಾಗೆಯೇ ಉಳಿದವು.

ಈ ಎರಡರ ನಡುವೆ ದಾರಿ ಹುಡುಕುವಾಗ ನನಗೆ ನೆನಪಾಗುವುದು 1934ರ ಒಂದು ಪ್ರವಾಸ. ಬಾಬಾಸಾಹೇಬ ಅಂಬೇಡ್ಕರರೇ ಅದನ್ನು ಬರೆದಿಟ್ಟಿದ್ದಾರೆ. ಚಳವಳಿಯ ಕೆಲವು ಸಂಗಾತಿಗಳಿಗೆ ಊರು ನೋಡುವ ಆಸೆಯಾಯಿತು. ನೀವೂ ಬನ್ನಿ ಎಂದರು, ಇವರೂ ಒಪ್ಪಿದರು. ಸುಮಾರು ಮೂವತ್ತು ಜನ ಎಲ್ಲೋರದ ಗುಹೆ ನೋಡಲು ನಿಜಾಮರ ಸೀಮೆಗೆ ಹೊರಟರು. ನಾವು ನೋಟ್ ಬುಕ್ಕಿನಲ್ಲಿ ಬರೆಯುವ ಹಾಗೆ ಅವರೂ ದಾರಿಯ ತಂಗುದಾಣಗಳನ್ನು ಗೊತ್ತು ಮಾಡಿಕೊಂಡರು. ಆದರೆ ಅವರ ಲೆಕ್ಕ ಬೇರೆ. ಎಲ್ಲಿ ನಮ್ಮ ಗುರುತು ಸಿಗಬಹುದು, ಎಲ್ಲಿ ಸಿಗಬಾರದು ಎಂಬ ಲೆಕ್ಕ. ಸುದ್ದಿ ಮಾಡದೆ, ತಾವು ಯಾರೆಂದು ಹೊರಗೆ ತಿಳಿಯದ ಹಾಗೆ ಹೋಗಬೇಕೆಂದು ನಿಶ್ಚಯಿಸಿದ್ದರು. ದೌಲತಾಬಾದಿನ ಕೋಟೆಗೆ ಬಂದಾಗ ರಂಜಾನ್ ತಿಂಗಳು. ಬಾಗಿಲ ಹೊರಗೆ ನೀರು ತುಂಬಿದ ಸಣ್ಣ ಕೊಳ. ದಾರಿಯ ಧೂಳು ಮುಖಕ್ಕೆಲ್ಲಾ ಮೆತ್ತಿತ್ತು, ಕೆಲವರು ಮುಖ ಕಾಲು ತೊಳೆದರು. ಅಷ್ಟಕ್ಕೇ ಗಡ್ಡದ ಮುದುಕರೊಬ್ಬರು ಕೂಗುತ್ತಾ ಓಡಿಬಂದರು, ಕೊಳ ಮೈಲಿಗೆಯಾಯಿತೆಂದು. ಜನ ಸೇರಿದರು, ಬೈದರು. ಕೊನೆಗೆ ಕೋಟೆ ಹತ್ತಲು ಬಿಟ್ಟರು, ಒಂದು ಕರಾರಿನ ಮೇಲೆ: ಒಳಗೆ ಎಲ್ಲೂ ನೀರು ಮುಟ್ಟಕೂಡದು. ಮುಟ್ಟದ ಹಾಗೆ ನೋಡಿಕೊಳ್ಳಲು ಆಯುಧ ಹಿಡಿದ ಕಾವಲಿನವನೊಬ್ಬ ಜೊತೆಗೆ.

ಈ ಘಟನೆಯಿಂದ, ಅಸ್ಪೃಶ್ಯತೆಗೆ ಧರ್ಮದ ಗಡಿ ಇಲ್ಲವೆಂಬ ಪಾಠವನ್ನು ನಾವು ಕಲಿಯುತ್ತೇವೆ. ಸರಿ. ಇನ್ನೊಂದು ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವರು ಪ್ರವಾಸ ಹೊರಟಿದ್ದರು ಎಂಬುದು. ಮಹಾಡದ ಕೆರೆಯ ನೀರು ಮುಟ್ಟಿ ಆಗಿನ್ನೂ ಏಳು ವರ್ಷ. ಮಾಡಬೇಕಾದ ಕೆಲಸ ಬೆಟ್ಟದಷ್ಟಿತ್ತು. ಆದರೂ ಸಂಗಾತಿಗಳು ಗುಹೆ, ಕೋಟೆ ನೋಡಬೇಕು ಎಂದಾಗ ಬಾಬಾಸಾಹೇಬರು "ಇದು ಶೋಕಿ" ಅನ್ನಲಿಲ್ಲ. ಬಸ್ಸು ಹತ್ತಿದರು. ಮನುಷ್ಯನಾಗಿ ಬದುಕುವುದೆಂದರೆ ನೋಡಬೇಕೆನಿಸಿದ್ದನ್ನು ಹೋಗಿ ನೋಡುವುದೂ ಹೌದು ಎಂದು ಅವರಿಗೆ ತಿಳಿದಿತ್ತು. ಹೀಗಾಗಿ ನಮ್ಮ ನೋಟ್ ಬುಕ್ಕು ನಾಚಿಕೊಳ್ಳಬೇಕಾಗಿಲ್ಲ. ಅದಕ್ಕೂ ಒಂದು ವಂಶಾವಳಿ ಇದೆ.

ಇನ್ನು ನಮ್ಮ ದಾರಿಗೆ ಬರೋಣ.

ಮೊದಲ ನಿಲುಗಡೆ ಚಿತ್ರದುರ್ಗ. ಕೋಟೆ ಎಂದರೆ ಪಾಳೆಯಗಾರರು, ಮದಕರಿ ನಾಯಕ, ಹೈದರಾಲಿ. ಆದರೆ ಜನ ಹೋಗಿ ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿದೆ ಅಂತ. ಕಾವಲಿನವನ ಹೆಂಡತಿ, ನಮ್ಮ ಕೇರಿಯ ಹೆಣ್ಣುಮಗಳು, ಒನಕೆ ಹಿಡಿದು ನಿಂತ ಜಾಗ. ಅದೇ ಬಂಡೆಗಳ ಮೇಲೆ ನಮ್ಮ ಕಾಲದಲ್ಲಿ ಹಗ್ಗವಿಲ್ಲದೆ ಹತ್ತಿದವರು ಜ್ಯೋತಿರಾಜ್. ತಮಿಳುನಾಡಿನ ಕಡೆಯಿಂದ ಬಂದು ದುರ್ಗದಲ್ಲಿ ಕೂಲಿ ಮಾಡಿಕೊಂಡಿದ್ದವರು. ಸಾಯಬೇಕೆಂದು ಬಂಡೆಯ ಮೇಲೆ ಹೋದಾಗ ಕೋತಿ ಹತ್ತುವುದನ್ನು ಕಂಡು ತಾನೂ ಹತ್ತಲು ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಜೋಗದ ಗೋಡೆಯಂಥ ಬಂಡೆಯನ್ನೂ ಹತ್ತಿದರು. ಜಲಪಾತದ ಬುಡದಲ್ಲಿ ಬಿದ್ದವರ ಹೆಣ ತರಲು ಇಳಿದರು. 2018ರಲ್ಲಿ ಅಂಥದೇ ಕೆಲಸಕ್ಕೆ ಹೋಗಿ ಒಂದು ರಾತ್ರಿ ಅಲ್ಲೇ ಸಿಕ್ಕಿಕೊಂಡಿದ್ದರು. ಊರು ಅವರಿಗೆ ಪ್ರೀತಿಯಿಂದ ಇಟ್ಟ ಹೆಸರು ಕೋತಿರಾಜ. ಅವರೂ ಅದನ್ನು ನಗುನಗುತ್ತಾ ಒಪ್ಪಿಕೊಂಡಿದ್ದಾರೆ. ಆದರೂ ಕೇಳಬೇಕನ್ನಿಸುತ್ತದೆ. ದುಡ್ಡಿದ್ದ ಮನೆಯ ಹುಡುಗ ಇದೇ ಬಂಡೆಯನ್ನು ಹೀಗೇ ಹತ್ತಿದ್ದರೆ ಅವನಿಗೆ ಪ್ರಾಣಿಯ ಹೆಸರು ಸಿಗುತ್ತಿತ್ತೇ, ಪದಕ ಸಿಗುತ್ತಿತ್ತೇ? ನಮ್ಮವರ ಕೌಶಲವನ್ನು ಈ ಸಮಾಜ ಮೆಚ್ಚುವಾಗಲೂ ಕಾಡಿಗೆ ಸೇರಿಸಿ ಮೆಚ್ಚುತ್ತದೆ.

ಎರಡನೆಯದು ಹಂಪಿ. ಕ್ರಿಸ್ ಶರ್ಮಾ ಎಂಬ ಅಮೆರಿಕದ ಆರೋಹಿ ಇಲ್ಲಿ ಹತ್ತಿದ ಚಿತ್ರ 2003ರಲ್ಲಿ ಹೊರಬಂದ ಮೇಲೆ ಹೊಳೆಯಾಚೆಯ ಗುಂಡುಗಳು ಲೋಕಕ್ಕೆಲ್ಲಾ ಗೊತ್ತಾದವು. ಇಲ್ಲಿ ಹತ್ತುವವರು ಹಗ್ಗ ಬಳಸುವುದಿಲ್ಲ. ಗುಂಡಿನ ಬುಡಕ್ಕೆ ದಪ್ಪನೆಯ ಹಾಸಿಗೆ ಹಾಸುತ್ತಾರೆ; ಬಿದ್ದರೆ ಅದರ ಮೇಲೆ ಬೀಳುತ್ತಾರೆ, ನಗುತ್ತಾರೆ, ಮತ್ತೆ ಹತ್ತುತ್ತಾರೆ. ಬೀಳುವುದನ್ನೂ ಒಂದು ಆಟ ಮಾಡಿಕೊಳ್ಳಬಹುದೆಂದು ನನಗೆ ತಿಳಿದದ್ದೇ ಇದರಿಂದ. ಅಡಿಕೆ ಮರದ ಬುಡಕ್ಕೆ ಯಾರಾದರೂ ಹಾಸಿಗೆ ಹಾಸಿದ್ದನ್ನು ನೀವು ಕಂಡಿದ್ದೀರಾ?

ಅದೇ ಹಂಪಿಯಲ್ಲಿ 2011ರ ಜುಲೈನಲ್ಲಿ ಬಜಾರಿನ ಮಂಟಪಗಳಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿಕೊಂಡು, ಅಂಗಡಿ ಇಟ್ಟುಕೊಂಡು ಇದ್ದವರ ಮೇಲೆ ಬುಲ್ಡೋಜರ್ ಬಂತು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಸ್ಮಾರಕ ಉಳಿಯಬೇಕು ನಿಜ. ಎಲ್ಲಾ ಕಟ್ಟಡವೂ ಬಡವರದ್ದಾಗಿರಲಿಲ್ಲ ಎಂಬುದೂ ನಿಜ. ಆದರೆ ಅಲ್ಲಿ ಪಾತ್ರೆ ತೊಳೆದು, ಹಾಸಿಗೆ ಬಾಡಿಗೆಗೆ ಕೊಟ್ಟು, ಚಾ ಕಾಯಿಸಿ ಬದುಕುತ್ತಿದ್ದವರು ಆಮೇಲೆ ಎಲ್ಲಿಗೆ ಹೋದರು ಅಂತ ಯಾವ ಪ್ರವಾಸದ ಪುಸ್ತಕವೂ ಬರೆಯುವುದಿಲ್ಲ. ಕಲ್ಲಿಗೆ ಸಿಕ್ಕ ಮರ್ಯಾದೆ ಕಲ್ಲಿನ ನೆರಳಿನಲ್ಲಿದ್ದವರಿಗೆ ಸಿಗಲಿಲ್ಲ.

ಮೂರನೆಯದು ಬಾದಾಮಿ. ಇಲ್ಲಿ ಹಗ್ಗ ಬೇಕು. ಬಂಡೆಯಲ್ಲಿ ಮೊಳೆಗಳನ್ನು ಕೂರಿಸಿರುತ್ತಾರೆ. ಹತ್ತುವವನು ಒಂದೊಂದನ್ನೂ ಮುಟ್ಟಿದಾಗ ಹಗ್ಗ ಸಿಕ್ಕಿಸಿಕೊಂಡು ಮೇಲೆ ಹೋಗುತ್ತಾನೆ. ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತವನ ಸೊಂಟದಲ್ಲಿ. ಮೇಲಿನವನು ಜಾರಿದರೆ ಕೆಳಗಿನವನ ಮೈತೂಕವೇ ಅವನನ್ನು ಹಿಡಿಯುತ್ತದೆ. ಕಣ್ಣು ಅತ್ತಿತ್ತ ಹೋಗಕೂಡದು. ಈ ಆಟದ ಒಂದು ನಿಯಮ ನನಗೆ ತುಂಬಾ ಇಷ್ಟ. ಒಬ್ಬ ಹತ್ತಿ ಇಳಿದ ಮೇಲೆ ಸರದಿ ಬದಲಾಗುತ್ತದೆ. ಹಿಡಿದವನು ಹತ್ತುತ್ತಾನೆ, ಹತ್ತಿದವನು ಹಿಡಿಯುತ್ತಾನೆ.

ನಮ್ಮಪ್ಪನಿಗೂ ಹಗ್ಗ ಗೊತ್ತು. ಭದ್ರಾವತಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ನೀರಿನ ಟ್ಯಾಂಕುಗಳಿಗೆ ಸುಣ್ಣ ಬಣ್ಣ ಹೊಡೆಯುವ ಕೆಲಸಕ್ಕೆ ವರ್ಷಗಟ್ಟಲೆ ಹೋದ. ಸೊಂಟಕ್ಕೆ ನಾರಿನ ಹಗ್ಗ, ಹಗ್ಗದ ತುದಿ ನಮ್ಮ ಚಿಕ್ಕಪ್ಪನ ಕೈಯಲ್ಲಿ. ಅವರ ಸರದಿಯೂ ಬದಲಾಗುತ್ತಿತ್ತು. ಇವತ್ತು ಅಣ್ಣ ನೇತಾಡಿದರೆ ನಾಳೆ ತಮ್ಮ. ಆದರೆ ಕೆಳಗೆ ಚಾ ಕುಡಿಯುತ್ತಾ ನಿಂತ ಗುತ್ತಿಗೆದಾರನ ಸರದಿ ಒಂದು ದಿನವೂ ಬರಲಿಲ್ಲ. ಈ ದೇಶದ ಲೆಕ್ಕ ಅಲ್ಲಿದೆ. ಬಡವರ ಒಳಗೆ ಸರದಿ ಬದಲಾಗುತ್ತದೆ. ಮೇಲಿನವರಿಗೂ ನಮಗೂ ನಡುವೆ ಬದಲಾಗುವುದಿಲ್ಲ. ಹಗ್ಗ ಹಿಡಿಯಲೆಂದೇ ಕೆಲವು ಜಾತಿಗಳು, ಹತ್ತಲೆಂದೇ ಕೆಲವು.

ಅಪ್ಪನನ್ನು ಒಮ್ಮೆ ಕೇಳಿದ್ದೆ: "ಅಷ್ಟು ಎತ್ತರದಲ್ಲಿ ಭಯ ಆಗ್ತಿರಲಿಲ್ವಾ ಅಪ್ಪ?"

"ಭಯ ಪಡೋಕೆ ಪುರುಸೊತ್ತೆಲ್ಲಿತ್ತೋ."

"ಖುಷಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ್ತಿತ್ತು ಕಣೋ. ಮೇಲಿಂದ ಭದ್ರಾ ಹೊಳೆ ಉದ್ದಕ್ಕೆ ಕಾಣೋದು. ಗಾಳಿ ಬೀಸೋದು. ಆದ್ರೆ ಯಾರ್ ಹತ್ರ ಹೇಳೋದು? ಖುಷಿಯಾಗುತ್ತೆ ಅಂದಿದ್ರೆ ಕೂಲೀಲಿ ಹತ್ತು ರೂಪಾಯಿ ಮುರ್ಕೊಳ್ಳೋರು."

ಈ ಮಾತು ನನ್ನ ಯೋಚನೆಯನ್ನು ತಿರುಗಿಸಿತು. ಕೂಲಿಗೆ ಹತ್ತುವವನಿಗೆ ಖುಷಿಯಿಲ್ಲ, ಮೋಜಿಗೆ ಹತ್ತುವವನಿಗೆ ಮಾತ್ರ ಖುಷಿ ಎಂದು ಭಾಗ ಮಾಡಿದ್ದೇ ಸುಳ್ಳು. ಹೊಳೆ ಇಬ್ಬರಿಗೂ ಕಾಣುತ್ತದೆ. ಒಬ್ಬನಿಗೆ ಅದನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವಿದೆ, ಇನ್ನೊಬ್ಬನಿಗಿಲ್ಲ. ಅಪ್ಪನ ಖುಷಿಯನ್ನೂ ಕೂಲಿಯ ಜೊತೆಗೆ ಕಳವು ಮಾಡಿದ್ದರು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಎತ್ತರದಲ್ಲಿಲ್ಲ, ಅಪಾಯದಲ್ಲಿಲ್ಲ, ಖುಷಿಯಲ್ಲೂ ಇಲ್ಲ. "ಇವತ್ತು ಒಲ್ಲೆ" ಎನ್ನುವ ಶಕ್ತಿಯಲ್ಲಿದೆ. ಬಾದಾಮಿಯಲ್ಲಿ ಹತ್ತುವ ಹುಡುಗ ಅರ್ಧಕ್ಕೆ ಕೈ ನಡುಗಿದರೆ "ಇಳಿಸು" ಅನ್ನುತ್ತಾನೆ. ಇಳಿಸುತ್ತಾರೆ. ಅವನ ಊಟಕ್ಕೆ ಸಂಚಕಾರವಿಲ್ಲ. ಕೊನೆಗಾರ ಮೋಡ ನೋಡಿ "ಇವತ್ತು ಬೇಡ" ಅಂದರೆ ಆ ದಿನದ ಕೂಲಿ ಹೋಯಿತು. ಎರಡು ಸಲ ಅಂದರೆ ಮುಂದಿನ ವರ್ಷದ ತೋಟವೂ ಹೋಯಿತು. ಇಳಿಯುವ ಹಕ್ಕಿದ್ದರೆ ಹತ್ತುವುದು ಆಟ. ಇಳಿಯುವ ಹಕ್ಕಿಲ್ಲದಿದ್ದರೆ ಅದು ಜೀತ, ಎಷ್ಟೇ ಕೂಲಿ ಕೊಟ್ಟರೂ.

ಈ ಮಾತು ಮಲೆನಾಡಿಗಷ್ಟೇ ಸೇರಿದ್ದಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರವಾಹದ ಮೇಲೆ ಮಂಜಿನ ಬಂಡೆ ಕುಸಿದು 16 ಜನ ನೇಪಾಳಿ ಕೆಲಸಗಾರರು ಸತ್ತರು. ದುಡ್ಡು ಕೊಟ್ಟು ಶಿಖರ ಏರಲು ಬಂದವರಿಗಾಗಿ ಸಾಮಾನು ಹೊರುತ್ತಾ, ದಾರಿ ಸಿದ್ಧಪಡಿಸುತ್ತಾ ಇದ್ದವರು. ಅಲ್ಲಿನ ಸರ್ಕಾರ ಮೊದಲು ಘೋಷಿಸಿದ್ದು ಪ್ರತಿ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಒಬ್ಬೊಬ್ಬ ಗಿರಾಕಿ ಆ ಪರ್ವತಕ್ಕೆ ಸುರಿಯುವ ಹಣದ ಎದುರು ಅದು ಚಿಲ್ಲರೆ. ಆಗ ಶೆರ್ಪಾಗಳು ಹೇಳಿದರು, ಈ ವರ್ಷ ನಾವು ಹತ್ತುವುದಿಲ್ಲ. ಅಷ್ಟೇ. ನೇಪಾಳದ ಕಡೆಯಿಂದ ಆ ವರ್ಷದ ಆರೋಹಣ ಬಹುಪಾಲು ನಿಂತೇಹೋಯಿತು. ಲೋಕದ ಅತಿ ಎತ್ತರದ ಜಾಗಕ್ಕೆ ಹತ್ತುವುದಕ್ಕಿಂತ, ಹತ್ತುವುದಿಲ್ಲ ಎಂದದ್ದು ದೊಡ್ಡ ಸಾಹಸವಾಗಿ ನನಗೆ ಕಾಣುತ್ತದೆ. 1953ರಲ್ಲಿ ತೇನ್‌ಸಿಂಗ್ ಶಿಖರದ ಮೇಲೆ ನಿಂತದ್ದನ್ನು ನಮ್ಮ ಮಕ್ಕಳಿಗೆ ಪಾಠ ಹೇಳುತ್ತೇವೆ. 2014ರ ಈ ಒಲ್ಲೆಯನ್ನೂ ಹೇಳಬೇಕು.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ನಮ್ಮ ಪಟ್ಟಿಯ ಕೊನೆಯ ನಿಲುಗಡೆ ಬಿಡುವುದಿಲ್ಲ. ಚಂದ್ರಗುತ್ತಿ.

ವರದಾ ಹೊಳೆಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ರೇಣುಕಾಂಬೆಯ ಗುಡ್ಡಕ್ಕೆ ಹೋಗುವ ಬೆತ್ತಲೆ ಸೇವೆ ಅಲ್ಲಿ ನಡೆಯುತ್ತಿತ್ತು. ಹೋಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಬಡಹೆಂಗಸರು, ಎಳೆಯ ಹುಡುಗಿಯರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು, ಇತರ ಸಂಘಟನೆಗಳವರು ತಿಳಿಹೇಳಲು ಹೋದಾಗ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ, ಹೆಣ್ಣು ಪೊಲೀಸರನ್ನೂ ಬಿಡದೆ, ಹೊಡೆದು ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು.

ನನ್ನ ವಾದಕ್ಕೆ ಇಲ್ಲೇ ಪರೀಕ್ಷೆ. ಆ ಗುಡ್ಡ ಹತ್ತುತ್ತಿದ್ದ ಹೆಂಗಸನ್ನು ಕೇಳಿದ್ದರೆ "ನನ್ನ ಇಷ್ಟ, ನನ್ನ ಹರಕೆ" ಅನ್ನುತ್ತಿದ್ದಳು. ತಡೆದವರನ್ನು ಹೊಡೆದವರಲ್ಲೂ ಭಕ್ತರಿದ್ದರು. ಒಲ್ಲೆ ಎನ್ನುವ ಹಕ್ಕೇ ದೊಡ್ಡದಾದರೆ, ಅವಳ "ಇಷ್ಟ" ಎಂಬ ಮಾತನ್ನು ನಾವು ಯಾಕೆ ಒಪ್ಪಬಾರದು? ಕಾರ್ಯಕರ್ತನಿಗೆ ಅವಳ ದಾರಿಗೆ ಅಡ್ಡ ನಿಲ್ಲುವ ಅಧಿಕಾರ ಯಾರು ಕೊಟ್ಟರು?

ನನಗೆ ತೋಚಿದ್ದು ಇಷ್ಟು. ಬಾಯಿ ಏನು ಹೇಳಿತು ಎಂಬುದರಿಂದ ಇಷ್ಟವನ್ನು ಅಳೆಯಲಾಗದು. ಒಲ್ಲೆ ಅಂದಿದ್ದರೆ ಅವಳಿಗೆ ಏನಾಗುತ್ತಿತ್ತು ಎಂದು ಕೇಳಬೇಕು. ಹರಕೆ ತೀರಿಸದಿದ್ದರೆ ಮಗು ಸಾಯುತ್ತದೆ, ಕಣ್ಣು ಹೋಗುತ್ತದೆ, ಊರಿಗೆ ಮಳೆ ಬಾರದು ಎಂದು ಹುಟ್ಟಿದಾಗಿನಿಂದ ಹೆದರಿಸಿಟ್ಟವಳ "ಇಷ್ಟ" ಇಷ್ಟವಲ್ಲ. ಕೊನೆಗಾರ "ನಂಗೆ ಮರ ಹತ್ತೋದು ರೂಢಿ ಆಗೋಗಿದೆ ಬಿಡಿ" ಅನ್ನುವುದೂ ಹಾಗೇ. ಹೊಟ್ಟೆ ಹಿಡಿದು ಎಳೆದರೂ ಬಲವಂತವೇ, ದೇವರ ಹೆಸರು ಹಿಡಿದು ಎಳೆದರೂ ಬಲವಂತವೇ. ಆದರೆ ಇದರ ಜೊತೆಗೇ ಇನ್ನೊಂದು ಮಾತೂ ಇದೆ. ಅವಳ ಪರವಾಗಿ ನಾವು ಒಲ್ಲೆ ಅನ್ನಲಾಗದು. ಒಲ್ಲೆ ಅನ್ನುವ ಬಲ ಅವಳಿಗೇ ಬರಬೇಕು. ಅದಕ್ಕೆ ಬೇಕಾದ್ದು ಹಬ್ಬದ ದಿನದ ತಡೆ ಒಂದೇ ಅಲ್ಲ. ಅವಳ ಕೈಗೆ ತುಂಡು ಭೂಮಿ, ಅವಳ ಮಗಳಿಗೆ ಶಾಲೆ, ಮಗುವಿಗೆ ಜ್ವರ ಬಂದರೆ ದೇವಿಗಿಂತ ಮುಂಚೆ ಸಿಗುವ ಡಾಕ್ಟರು. 1986ರಲ್ಲಿ ಏಟು ತಿಂದವರ ಮರ್ಯಾದೆ ದೊಡ್ಡದು. ಆ ಏಟಿನ ಸಾಲವನ್ನು ನಾವು ತೀರಿಸುವುದು ಗುಡ್ಡದ ಬುಡದಲ್ಲಿ ಅಲ್ಲ, ವರ್ಷಪೂರ್ತಿ ಕೇರಿಯೊಳಗೆ.

ಈಗ ಗೆಳೆಯನ ಪ್ರಶ್ನೆಗೆ ಉತ್ತರ ಹೇಳಬಹುದು. ಹತ್ತೋಣ. ಕಾರಣವಿಲ್ಲದೆ ಹತ್ತುವ ಹಕ್ಕು, ಬಲವಂತವಿದ್ದರೂ ಹತ್ತದೆ ಇರುವ ಹಕ್ಕು, ಇವು ಎರಡಲ್ಲ. ಒಂದೇ ನಾಣ್ಯದ ಎರಡು ಮುಖ. ನಾನು ಬಾದಾಮಿಯ ಬಂಡೆಯನ್ನು ಸುಮ್ಮನೆ ಹತ್ತಿ ಇಳಿದಾಗ, ಮೈ ನನ್ನದು ಎಂದು ಹೇಳುತ್ತೇನೆ. ಮಾವ ಕುಳಿ ಹೊಡೆಯುವುದಿಲ್ಲ, ಮೂಗಿಗೆ ಕಟ್ಟಲು ಮಾಸ್ಕು ಕೊಡದೆ, ನೆತ್ತಿಗೆ ಹೆಲ್ಮೆಟ್ ಕೊಡದೆ ಹತ್ತುವುದಿಲ್ಲ ಎಂದಾಗಲೂ ಅದನ್ನೇ ಹೇಳುತ್ತಾನೆ. ಮೊದಲನೆಯದನ್ನು ಮಾಡಿ ಎರಡನೆಯದಕ್ಕೆ ಜೊತೆ ನಿಲ್ಲದವನು ಮೋಜುಗಾರ. ಎರಡನೆಯದಕ್ಕೆ ಕೂಗಿ ಮೊದಲನೆಯದನ್ನು ಪಾಪವೆನ್ನುವವನು ಇನ್ನೊಬ್ಬ ಪುರೋಹಿತ.

ಹಾಗಾಗಿ ನಮ್ಮ ನೋಟ್ ಬುಕ್ಕಿನ ಪ್ರತಿ ನಿಲುಗಡೆಯ ಎದುರು ಒಂದೊಂದು ಸಾಲು ಹೆಚ್ಚು ಸೇರಿಸಿದ್ದೇವೆ. ಈ ಜಾಗದಲ್ಲಿ ಕೂಲಿಗೆ ಹತ್ತುವವರು ಯಾರು? ಅವರು ಇವತ್ತು ಒಲ್ಲೆ ಅಂದರೆ ನಾಳೆ ಉಣ್ಣುತ್ತಾರೆಯೇ? ದಾರಿ ತೋರಿಸಲು, ಹಗ್ಗ ಹಿಡಿಯಲು ಬಂದವರ ಕೂಲಿಯಲ್ಲಿ ಚೌಕಾಸಿ ಮಾಡಕೂಡದು. ಅವರು ಮೋಡ ನೋಡಿ ಬೇಡ ಅಂದರೆ ಒತ್ತಾಯಿಸಕೂಡದು, ಆ ದಿನದ ಕೂಲಿ ಹಿಡಿದುಕೊಳ್ಳಕೂಡದು. ತಂಗುವಲ್ಲಿ ಊರು ಕೇಳಿದರೆ ಊರು ಹೇಳೋಣ, ಕೇರಿ ಕೇಳಿದರೆ ಕೇರಿಯನ್ನೂ ಹೇಳೋಣ. 1934ರಲ್ಲಿ ಬಾಬಾಸಾಹೇಬರು ಮರೆಸಿಕೊಂಡು ಹೋಗಬೇಕಾಯಿತು. ನಾವು ಮರೆಸಿಕೊಂಡರೆ ಇಷ್ಟು ವರ್ಷದ ದಾರಿ ಹಿಂದಕ್ಕೆ ಹೋದಂತೆ.

ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ವರ್ಷಕ್ಕೊಮ್ಮೆ ನೀವೂ ದುರ್ಗಕ್ಕೆ, ಹಂಪಿಗೆ ಪ್ರವಾಸದ ಪಟ್ಟಿ ಮಾಡುತ್ತೀರಿ. ದುಡ್ಡು ಕಟ್ಟಲಾಗದ ಮಕ್ಕಳು ಆ ದಿನ ಶಾಲೆಗೂ ಬರುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ಕಲ್ಲು ಒಡೆಯುವವನ ಮಗಳು ಕೋಟೆಯನ್ನು ಪಾಠಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿ ದೊಡ್ಡವಳಾಗುತ್ತಾಳೆ. ಬಸ್ಸಿನ ಲೆಕ್ಕ ಹಾಕುವಾಗ ಮೊದಲ ಸೀಟು ಅವಳಿಗೆ ಬರೆಯಿರಿ. ಹುಡುಗಿಯರನ್ನು ಕೆಳಗೆ ಚಪ್ಪಲಿ ಕಾಯಲು ಕೂರಿಸಬೇಡಿ. ಅವಳು ಹತ್ತಲಿ, ಮೇಲೆ ನಿಂತು ಕೂಗಲಿ. ತನ್ನ ಅಪ್ಪ ಒಡೆಯುವ ಕಲ್ಲಿಗೆ ಇನ್ನೊಂದು ಉಪಯೋಗವೂ ಇದೆ, ಅದರ ಮೇಲೆ ನಿಂತು ಲೋಕವನ್ನು ನೋಡಬಹುದು ಅಂತ ಅವಳಿಗೆ ಗೊತ್ತಾಗಲಿ. ಗೊತ್ತಾದ ಮೇಲೆ ಅವಳು ಅಪ್ಪನ ಕೂಲಿಯ ಬಗ್ಗೆ ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ. ಅಂಥ ಪ್ರಶ್ನೆಗಳು ಹೆಚ್ಚಾದ ದಿನ ಹಗ್ಗದ ಸರದಿಯೂ ಬದಲಾಗುತ್ತದೆ.